ದಸರೆ ಕರೆಂಟಿನ ಹಾಡು

"ಇನ್ನೊಂದು ಸುತ್ತು ಬಿಗಿಯಾಗಿ ಕಟ್ಟಿ, ತಲೆ ವಾಲ್ತಾ ಅದೆ," ಎಂದಳು ಅಂಬುಜಾ.

ಇಬ್ಬರು ಷಡಕ್ಷರಿಯ ಭುಜ ಹಿಡಿದಿದ್ದರು. ಮೂರನೆಯವನು ಬೆನ್ನ ಹಿಂದೆ ನಿಲ್ಲಿಸಿದ ಬಿದಿರ ಗಳಕ್ಕೆ ಬಿಳಿ ಬಟ್ಟೆ ಸುತ್ತಿ, ಹಣೆಯ ಮೇಲಿಂದ ತಂದು ಗಂಟು ಹಾಕುತ್ತಿದ್ದ. ಈ ಮನೆಯವರು ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಮೈ ತೊಳೆದು, ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತವರ ಹಾಗೆ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಬಂದವರು ಎದುರಿಗೆ ಜಮಖಾನದ ಮೇಲೆ ಕೂತು ನೋಡುತ್ತಾರೆ.

ಅಂಬುಜಾ ಗಂಡನ ಮುಖ ನೋಡಿದಳು. ಹನ್ನೆರಡು ವರ್ಷ ಯಾರು ಎಷ್ಟು ಕರೆದರೂ ಜನರ ಎದುರು ಹಾಡಲು ಕೂರದ ಮನುಷ್ಯ. ಗಣಪತಿ ಹಬ್ಬಕ್ಕೆ ಬೀದಿಯ ಹುಡುಗರು ಕೇಳಿದರು, ಕಾರ್ಖಾನೆಯ ಕನ್ನಡ ಸಂಘದವರು ಕೇಳಿದರು. ಬಾಯಿ ತೆರೆದು ಆಗಲ್ಲ ಎಂದೂ ಹೇಳುತ್ತಿರಲಿಲ್ಲ. ತಲೆಯನ್ನು ಒಮ್ಮೆ ಆಚೆಗೆ, ಒಮ್ಮೆ ಈಚೆಗೆ ಆಡಿಸಿ ಎದ್ದು ಹೋಗುತ್ತಿದ್ದ. ನಿನ್ನೆ ರಾತ್ರಿಪಾಳಿ ಮುಗಿಸಿ ಬಂದವನು ಎದೆ ಹಿಡಿದ ಹಾಗಿದೆ ಎಂದ. ಅರ್ಧ ಲೋಟ ನೀರು ಕುಡಿದ. ಆಟೋ ಬರುವಷ್ಟರಲ್ಲಿ ಆಗಿಹೋಯಿತು. ಈಗ ಹೆಬ್ಬಾಳದ ಈ ಎರಡು ಕೋಣೆಯ ಮನೆಯಲ್ಲಿ ಎಲ್ಲರ ಎದುರು ಕೂತಿದ್ದಾನೆ. ತಲೆ ಆಡಿಸುವ ಹಾಗಿಲ್ಲ.

"ಕಣ್ಣಲ್ಲಿ ಒಂದು ಹನಿ ನೀರಿಲ್ವಲ್ಲ ಈ ಹುಡುಗೀಗೆ," ಎಂದು ಬಾಗಿಲ ಬಳಿ ಯಾರೋ ಅಂದರು.

"ನೀರು ಬರೋಕೆ ಕೂರ್ಬೇಕು ಕಣಮ್ಮ. ಅವ್ಳು ಬೆಳಗಿಂದ ಎಲ್ಲಿ ಕೂತವ್ಳೆ?" ಎಂದಳು ಸರೋಜಮ್ಮ. ಅಂಬುಜಾ ಜೊತೆ ಕಾರ್ಖಾನೆಯಲ್ಲಿ ಒಂದೇ ಬೆಂಚಿನಲ್ಲಿ ವೈರು ಬೆಸೆಯುವವಳು. ಸಾವಿನ ಮನೆಯಲ್ಲಿಯೂ ಮಾತು ಬಾಕಿ ಉಳಿಸಿಕೊಳ್ಳದ ಹೆಂಗಸು.

ಮಗಳು ಸಿಂಚನ ಸರೋಜಮ್ಮನ ತೊಡೆಗೆ ಒರಗಿದ್ದಳು. ಒಂಬತ್ತು ವರ್ಷ. ಬಂದವರು ಮಾತಾಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದ ಹುಡುಗಿ ಮೆಲ್ಲಗೆ ಕೇಳಿದಳು: "ಆಂಟಿ, ಅಪ್ಪ ಹಾಡ್ತಿದ್ರಂತೆ. ನಿಜವಾಗ್ಲೂನಾ?"

ಅಂಬುಜಾಳ ಕೈಯಲ್ಲಿದ್ದ ಹೂವಿನ ಬುಟ್ಟಿ ಅಲ್ಲೇ ನಿಂತಿತು. ತವರಿನವರನ್ನು ಎದುರು ಹಾಕಿಕೊಂಡು, ತನ್ನ ಜಾತಿ ಬಿಟ್ಟು, ಲಿಂಗ ಕಟ್ಟಿಸಿಕೊಂಡು ಅವಳು ಈ ಮನೆಗೆ ಬಂದದ್ದೇ ಒಂದು ಹಾಡಿನಿಂದ. ಅದೇ ಹಾಡು ಈ ಮನೆಯ ಹೊಸ್ತಿಲು ದಾಟಿರಲಿಲ್ಲ.

ಅವಳು ಬುಟ್ಟಿ ಇಳಿಸಿ ನೇರ ಚನ್ನಬಸವಯ್ಯನವರ ಬಳಿಗೆ ಹೋದಳು. ಷಡಕ್ಷರಿಯ ದೊಡ್ಡಪ್ಪ, ಮಠದ ಭಜನೆಯಲ್ಲಿ ಮುಂದೆ ನಿಂತು ಜಾಗಟೆ ಬಾರಿಸುವವರು. ತಂದೆ ಇಲ್ಲದ ಷಡಕ್ಷರಿಯನ್ನು ಓದಿಸಿ, ಹಾಡು ಕಲಿಸಿದ್ದು ಅವರೇ.

"ಮಾವ, ಮಣ್ಣಿಗೆ ಹೋಗೋ ದಾರೀಲಿ ಅವರ ಹಾಡು ಹಾಡ್ಬೇಕು."

ಅವರು ಕನ್ನಡಕ ತೆಗೆದು ಪಂಚೆಯ ಅಂಚಿಗೆ ಒರೆಸಿಕೊಂಡರು. "ಶಿವನಾಮ ಹೇಳ್ಕೊಂಡು ಹೋಗೋ ದಾರಿ ಅದು. ಬಸ್ಸಿನ ಹಾಡು ಅಲ್ಲಿ ಯಾಕಮ್ಮ? ಆ ಹಾಡಿಂದ ನೀನು ನಮ್ಮನೆ ಸೇರ್ದೆ, ಅಷ್ಟು ಸಾಕು. ಅವನೇ ಬೇಡ ಅಂತ ಬಿಟ್ಟಿದ್ದು. ಉಸಿರಿರೋವಾಗ ಹಾಡದೆ ಇದ್ದೋನ ಬಾಯಿಗೆ ಈಗ ತುರುಕ್ತೀಯಾ?"

"ಹಾಡೋರು ಅವರಲ್ಲ ಮಾವ. ಕೇಳ್ದೋರು."

"ಬೇಡ," ಎಂದರು ಚನ್ನಬಸವಯ್ಯ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಂಬುಜಾಗೆ ಸುಲಭವಾಗುತ್ತಿತ್ತು.

*

ಆ ಹಾಡಿನ ಕತೆಯನ್ನು ಅಂಬುಜಾ ಗಂಡನ ಗೆಳೆಯ ನಾಗಾರ್ಜುನನ ಬಾಯಲ್ಲಿ ಬೇಕಾದಷ್ಟು ಸಲ ಕೇಳಿದ್ದಳು.

ತೊಂಬತ್ತಾರರಲ್ಲಿ ಮೂವರು ಸೇರಿ ಒಂದು ಬ್ಯಾಂಡು ಕಟ್ಟಿದ್ದರು. ಯಾದವಗಿರಿಯ ನಾಗಾರ್ಜುನ ಗಿಟಾರು, ದೊರೆಸ್ವಾಮಿ ಎಂಬುವನು ಡ್ರಮ್ಮು, ಷಡಕ್ಷರಿಯದು ಗಂಟಲು. ಹೆಸರು 'ಸೆಕೆಂಡ್ ಶಿಫ್ಟ್'. ಸಿನಿಮಾ ಹಾಡಲ್ಲ, ಭಾವಗೀತೆಯೂ ಅಲ್ಲ. ಗಿಟಾರು ಡ್ರಮ್ಮು ಇಟ್ಟುಕೊಂಡು ಕನ್ನಡದಲ್ಲಿ ತಾವೇ ಬರೆದ ಹಾಡುಗಳು. ನಾಗಾರ್ಜುನನ ಅಪ್ಪನ ಬಂಗಲೆಯ ಕಾರು ಶೆಡ್ಡಿನ ಗೋಡೆಗೆ ಹಾಸಿಗೆಗಳನ್ನು ನಿಲ್ಲಿಸಿ, ಹೊರಗಿನ ಸದ್ದು ತಡೆದು, ಎಂಟು ಹಾಡು ರೆಕಾರ್ಡು ಮಾಡಿದರು. ಆಲ್ಬಮ್ಮಿಗೆ 'ಜಾಗ ಮಾಡಿ' ಎಂದು ಹೆಸರಿಟ್ಟರು.

ಅದೇ ಹೆಸರಿನ ಹಾಡು ಷಡಕ್ಷರಿ ಬರೆದದ್ದು. ಅವನ ಅಪ್ಪ ಗಿರಣಿ ಕೆಲಸಕ್ಕೆ ಹೋಗುವಾಗ ತುಂಬಿದ ಬಸ್ಸಿನ ಮೆಟ್ಟಿಲ ಮೇಲೆ ನೇತಾಡಿಕೊಂಡು ಹೋಗಿ, ತಿರುವಿನಲ್ಲಿ ಕೈಜಾರಿ ಬಿದ್ದು ಸತ್ತಿದ್ದ. ಒಳಗೆ ಇದ್ದವರು ಒಂದು ಗೇಣು ಸರಿದಿದ್ದರೆ ಸಾಕಿತ್ತು ಎಂದು ಅವನ ತಾಯಿ ಸಾಯುವವರೆಗೂ ಹೇಳುತ್ತಿದ್ದಳಂತೆ. ಅದನ್ನೇ ಅವನು ಹಾಡು ಮಾಡಿದ.

ಸರೀರಿ ಸ್ವಲ್ಪ, ಜಾಗ ಮಾಡಿ,
ಇನ್ನೊಬ್ರು ಅವ್ರೆ ಮೆಟ್ಲ ಮೇಲೆ.
ಕೈ ಜಾರೋ ಮುಂಚೆ ಒಳಗೆ ಎಳ್ಕೊಳ್ಳಿ,
ಊರು ಇನ್ನೂ ದೂರ ಅದೆ.

ತುಂಬ ನಿಧಾನದ ಹಾಡು. ಒಂದೊಂದು ಮಾತಿನ ನಡುವೆ ಒಬ್ಬ ಮನುಷ್ಯ ಉಸಿರೆಳೆದುಕೊಳ್ಳುವಷ್ಟು ಜಾಗ ಬಿಟ್ಟಿದ್ದ.

ದಸರಾ ವಸ್ತುಪ್ರದರ್ಶನದಲ್ಲಿ ಕ್ಯಾಸೆಟ್ಟು ಮಾರಬೇಕು ಎಂಬುದು ಆಸೆ. ದೇವರಾಜ ಮೊಹಲ್ಲಾದ ಮಂಟಯ್ಯನ ಅಂಗಡಿಯಲ್ಲಿ ಒಂದೇ ಸಲಕ್ಕೆ ಹಲವು ಕ್ಯಾಸೆಟ್ಟಿಗೆ ಹಾಡು ತುಂಬುವ ಯಂತ್ರವಿತ್ತು. ಮಂಟಯ್ಯ ಹಗಲು ಮಾಡಿಡುತ್ತೇನೆ ಎಂದ. ಷಡಕ್ಷರಿಗೆ ನಂಬಿಕೆಯಿಲ್ಲ. ತನ್ನ ಕಣ್ಣೆದುರೇ ಆಗಬೇಕು ಎಂದು ಹಟ ಹಿಡಿದ. ಅವನಿಗೆ ಬಿಡುವು ಸಿಗುತ್ತಿದ್ದುದು ಸಂಜೆ. ಹಾಗಾಗಿ ನವರಾತ್ರಿಯ ಸಂಜೆಗಳಲ್ಲಿ, ಅರಮನೆ, ವೃತ್ತ, ಬೀದಿ, ಮರ ಎಲ್ಲವೂ ದೀಪ ಹೊತ್ತು ನಿಂತಿದ್ದಾಗ, ಮೊಹಲ್ಲಾದ ಬಲ್ಬುಗಳು ಕೆಂಪಗೆ ಮಿಣುಕುತ್ತಿದ್ದಾಗ, ಕ್ಯಾಸೆಟ್ಟು ತುಂಬಿದವು. ಊರಿನ ಕರೆಂಟನ್ನೆಲ್ಲ ದಸರೆ ಎಳೆದುಕೊಂಡಿತ್ತು. ಮೂಲ ಟೇಪು ಬ್ಯಾಟರಿಯ ಟೇಪ್‌ರೆಕಾರ್ಡರಿನಲ್ಲಿ ತನ್ನ ವೇಗಕ್ಕೇ ಹಾಡುತ್ತಿತ್ತು, ಅದನ್ನು ತುಂಬಿಕೊಳ್ಳುವ ಹಳೆಯ ಯಂತ್ರದ ಮೋಟಾರು ಮಾತ್ರ ಸೊರಗಿ ತಿರುಗುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅದೇ ಸೊರಗಿದ ಯಂತ್ರದಲ್ಲಿ ಹಾಕಿ ಕೇಳಿದರೆ ಎಲ್ಲ ಸರಿಯಾಗಿಯೇ ಇತ್ತು.

ದೀಪ ಇಳಿಸಿದ ಮೇಲೆ, ಕರೆಂಟು ತನ್ನ ಬಲಕ್ಕೆ ಬಂದ ಮೇಲೆ, ನಿಧಾನಕ್ಕೆ ತುಂಬಿಕೊಂಡಿದ್ದ ಹಾಡು ಓಡತೊಡಗಿತು. ಷಡಕ್ಷರಿಯ ತುಂಬು ಗಂಟಲು ಮೀಸೆ ಬಾರದ ಹುಡುಗನ ಗಂಟಲಾಯಿತು. ಅಪ್ಪನ ಸಾವಿನ ಹಾಡು ಗೆಜ್ಜೆ ಕಟ್ಟಿಕೊಂಡ ಹಾಗೆ ಕುಣಿಯಿತು. ಅಂಗಡಿಯವರು ಕ್ಯಾಸೆಟ್ಟು ವಾಪಸು ತಂದರು. ಒಂದು ಪತ್ರಿಕೆ ಇಲಿಗಳ ವಾದ್ಯಗೋಷ್ಠಿ ಎಂದು ಬರೆಯಿತು. ಚನ್ನಬಸವಯ್ಯನವರು ಒಂದು ಹಾಡು ಕೇಳಿ, ಟೇಪು ಆರಿಸಿ, "ಮಠದಲ್ಲಿ ಕಲಿತ ಗಂಟಲು ಕಣಪ್ಪ ಅದು," ಎಂದಷ್ಟೇ ಹೇಳಿದರು. ಮಿಕ್ಕವರ ನಗುವಿಗಿಂತ ಆ ಮಾತು ಅವನಿಗೆ ಹೆಚ್ಚು ತಾಗಿತು. ಉಳಿದ ಕ್ಯಾಸೆಟ್ಟುಗಳನ್ನು ಗೋಣಿಚೀಲಕ್ಕೆ ತುಂಬಿ ಹಳೆ ಸಾಮಾನಿನವನಿಗೆ ಕೊಟ್ಟ. ಮತ್ತೆ ಹಾಡಲಿಲ್ಲ.

*

ಹನ್ನೊಂದರ ಹೊತ್ತಿಗೆ ನಾಗಾರ್ಜುನ ಬಂದ. ಕೂದಲು ಅರ್ಧ ಬೆಳ್ಳಗಾಗಿತ್ತು. ಷಡಕ್ಷರಿಯ ಎದುರು ತುಂಬ ಹೊತ್ತು ನಿಂತ. ಆಮೇಲೆ ಅಂಬುಜಾಳನ್ನು ಅಡಿಗೆಮನೆಗೆ ಕರೆದು ಜೇಬಿನಿಂದ ಒಂದು ಸೀಡಿ ತೆಗೆದ.

"ಒರಿಜಿನಲ್ ಕಣಮ್ಮ. ಶೆಡ್ಡಿನ ಟೇಪು ನಮ್ಮಮ್ಮನ ಬೀರುವಿನಲ್ಲಿ ಸಿಕ್ತು. ಸರಿ ಮಾಡ್ಸಿದೀನಿ. ಅವನಿಗೆ ಕೇಳಿಸ್ಬೇಕು ಅಂತ ಹೋದ ತಿಂಗಳಿಂದ ಇಟ್ಕೊಂಡಿದ್ದೆ. ನಾಳೆ ನಾಡಿದ್ದು ಅಂತ..." ಅವನು ಸೀಡಿಯನ್ನು ಅವಳ ಕೈಗಿಟ್ಟ.

ಪಕ್ಕದ ಮನೆಯಿಂದ ಸೀಡಿ ಹಾಕುವ ಪೆಟ್ಟಿಗೆ ತಂದರು. ಷಡಕ್ಷರಿಯ ಧ್ವನಿ ಆ ಮನೆಯಲ್ಲಿ ಮೊದಲ ಸಲ ಎದ್ದು ನಿಂತಿತು. ಆಳದ, ನಿಧಾನದ ಧ್ವನಿ. ಜಮಖಾನದ ಮೇಲೆ ಕೂತವರು ಪೆಟ್ಟಿಗೆಯ ಕಡೆ ತಿರುಗಿದರು. ಹಾಡುವವನು ಎದುರಿಗೇ ಕೂತಿದ್ದ, ಕಣ್ಣು ಮುಚ್ಚಿಕೊಂಡು.

"ಇದು ಅಪ್ಪನಾ?" ಎಂದಳು ಸಿಂಚನ.

ಸೆರಗು ಬಾಯಿಗೆ ಹೋಗದ ಹೆಂಗಸರಿರಲಿಲ್ಲ. ಚನ್ನಬಸವಯ್ಯನವರು ಗೋಡೆ ಹಿಡಿದು ನಿಂತಿದ್ದರು. ಹಾಡು ಮುಗಿದಾಗ, "ಇದಾದ್ರೆ ಆಗ್ಲಮ್ಮ," ಎಂದರು. "ಇದು ನಮ್ಮ ಷಡಕ್ಷರೀನೇ. ಮುಂದೆ ಒಂದು ಆಟೋದಲ್ಲಿ ಇದನ್ನ ಹಾಕ್ಕೊಂಡು ಹೋಗ್ಲಿ. ನಾನೇ ಹೇಳ್ತೀನಿ ಎಲ್ರಿಗೂ."

ನಾಗಾರ್ಜುನ ಅವರ ಕೈ ಹಿಡಿದುಕೊಂಡ. ಬೆಳಗಿನಿಂದ ಬೇಡವೆಂದವರು ಒಪ್ಪಿದ್ದರು. ಸಾವಿನ ಮನೆಯಲ್ಲಿ ಇಷ್ಟಾದರೆ ಬೇರೆ ಯಾರಾದರೂ ಕೈ ಮುಗಿಯುತ್ತಿದ್ದರು.

"ಇದು ಬೇಡ," ಎಂದಳು ಅಂಬುಜಾ.

"ಏನು?" ಎಂದ ನಾಗಾರ್ಜುನ.

"ಚೆನ್ನಾಗದೆ. ನಿಮ್ಮಿಬ್ರಿಗೂ ಗೊತ್ತಿರೋ ಷಡಕ್ಷರಿ ಇದು. ನನ್ನ ಮಗಳಿಗೆ ಆಮೇಲೆ ದಿನಾ ಕೇಳಿಸ್ತೀನಿ. ಆದ್ರೆ ದಾರೀಗೆ ಇದಲ್ಲ. ದಾರೀಗೆ ಬಸ್ಸಿಂದು."

"ಅಂಬುಜಾ, ಅದು ತಪ್ಪು ಸ್ಪೀಡು ಕಣಮ್ಮ," ನಾಗಾರ್ಜುನ ಮಗುವಿಗೆ ಹೇಳುವ ಹಾಗೆ ಹೇಳಿದ. "ಆ ತಪ್ಪಿಂದ್ಲೇ ಅವನ ಜೀವ್ನ ಅರ್ಧ ಆಯ್ತು. ಕೊನೇ ದಿನಾನಾದ್ರೂ ಜನ ಸರಿಯಾದ್ದು ಕೇಳ್ಲಿ. ಇವತ್ತಿಗೆ ಹೊಂದೋದೂ ಇದೇ."

"ಅದಕ್ಕೇ ಬೇಡ ಅಂದಿದ್ದು. ಇದು ಕೇಳಿದ್ರೆ ಎಲ್ರೂ ಅಳ್ತಾ ನಿಂತ್ಕೋತಾರೆ, ಈಗ ನಿಂತ್ರಲ್ಲ ಹಂಗೆ. ಯಾರೂ ಸರಿಯೋದಿಲ್ಲ."

*

ಕಾರ್ಖಾನೆಯ ಶಿಫ್ಟ್ ಬಸ್ಸಿನ ಡ್ರೈವರ್ ಕೆಂಪಯ್ಯ ಆ ವರ್ಷ ವಸ್ತುಪ್ರದರ್ಶನದಲ್ಲಿ ಮಕ್ಕಳಿಗೆ ಬೊಂಬಾಯಿ ಮಿಠಾಯಿ ಕೊಡಿಸುವಾಗ ಒಂದು ಕ್ಯಾಸೆಟ್ಟನ್ನೂ ಕೊಂಡಿದ್ದ. ಬೆಳಗಿನ ಪಾಳಿಗೆ ಹಾಕಿದ. ನಿದ್ದೆಗಣ್ಣಿನ ಜನ ಎದ್ದು ಕೂತರು. ಎರಡನೆಯ ದಿನ ಮತ್ತೆ ಹಾಕು ಎಂದರು. ವಾರದಲ್ಲಿ ಬಸ್ಸಿಗೆ ಬಸ್ಸೇ ಹಾಡುತ್ತಿತ್ತು. ಹಾಡುತ್ತಿರುವವನು ತಮ್ಮದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಕೊಟ್ಟು ಕೂತಿದ್ದಾನೆ ಎಂದು ಅವರಿಗೆ ಗೊತ್ತಾಗುವ ಹೊತ್ತಿಗೆ, ಷಡಕ್ಷರಿ ಬಸ್ಸು ಬಿಟ್ಟು ಹಳೆಯದೊಂದು ಲೂನಾ ಹತ್ತಿದ್ದ.

ಅಂಬುಜಾ ಆಗ ಕೆಲಸಕ್ಕೆ ಸೇರಿದ ಹೊಸತು. ಒಂದು ದಿನ ಸೈಕಲ್ ಸ್ಟ್ಯಾಂಡಿನಲ್ಲಿ ಅವನ ಲೂನಾಕ್ಕೆ ಅಡ್ಡ ನಿಂತಳು.

"ಜಾಗ ಮಾಡಿ ಹಾಡಿರೋದು ನೀವಂತೆ?"

ತಲೆ ಆಚೆಗೆ, ಈಚೆಗೆ.

"ಸುಳ್ಳು ಹೇಳ್ಬೇಡಿ. ಯಾಕೆ ಬಸ್ಸು ಬಿಟ್ರಿ?"

"ಅಳೋ ಹಾಡ್ನ ಕುಣಿಯೋ ಹಾಡು ಮಾಡ್ಕೊಂಡಿದೀರಿ," ಎಂದ ಅವನು. ಅವಳು ಅವನ ಬಾಯಿಂದ ಕೇಳಿದ ಮೊದಲ ಮಾತು. ಹಾಡಿನಲ್ಲಿದ್ದ ಹುಡುಗನ ಗಂಟಲೇ ಅಲ್ಲ. ಅವಳಿಗೆ ನಿರಾಸೆಯಾಯಿತು. ಆದರೂ ಬಿಡಲಿಲ್ಲ.

"ನಾವು ಕುಣಿಯೋದಷ್ಟೇ ನೋಡಿದ್ರಾ? ಆ ಹಾಡು ಬಂದಾಗ ಏನಾಯ್ತದೆ ನೋಡಿದ್ರಾ? ಒಳಗಿರೋರು ಸರೀತಾರೆ. ಮೆಟ್ಲ ಮೇಲಿರೋರ ಕೈ ಹಿಡಿದು ಎಳ್ಕೋತಾರೆ. ಮೊದ್ಲು ತಮಾಸೆಗೆ ಮಾಡ್ತಿದ್ರು, ಈಗ ಅಭ್ಯಾಸ. ನಮ್ಮ ಬಸ್ಸಲ್ಲಿ ಮೆಟ್ಲ ಮೇಲೆ ಯಾರೂ ನಿಲ್ಲಲ್ಲ. ಕೆಂಪಣ್ಣನ್ನ ಕೇಳಿ ಬೇಕಾದ್ರೆ. ನಿಧಾನಕ್ಕೆ ಹಾಡಿದ್ರೆ ಯಾರು ಎಳ್ಕೋತಿದ್ರು ನಿಮ್ಮನ್ನ? ಅಷ್ಟೊತ್ತಿಗೆ ಕೈ ಜಾರಿರೋದು."

ಅವನ ಅಪ್ಪನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಆ ಮನುಷ್ಯ ಲೂನಾ ಸ್ಟ್ಯಾಂಡು ಹಾಕಿ, ಅದರ ಪಕ್ಕದಲ್ಲೇ ನೆಲದ ಮೇಲೆ ಕುಳಿತದ್ದು ಯಾಕೆ ಎಂದು ಮದುವೆಯಾದ ಮೇಲೆ ತಿಳಿಯಿತು.

ಆದರೂ ಅವನು ಮತ್ತೆ ಬಸ್ಸು ಹತ್ತಲಿಲ್ಲ, ಹಾಡಲೂ ಇಲ್ಲ. ಮದುವೆಯಾಗಿ ಇಷ್ಟು ವರ್ಷ ಅಂಬುಜಾ ಆಗಾಗ ಕೇಳುವಳು, ಒಂದು ಸಲ ಬನ್ನಿ ನಮ್ಮ ಬಸ್ಸಿಗೆ ಎಂದು. ತಲೆ ಆಚೆಗೆ, ಈಚೆಗೆ. ಕ್ಯಾಸೆಟ್ಟು ಸವೆದು, ಸುತ್ತಿಕೊಂಡು, ಹರಿದು ಹೋಯಿತು. ಬಸ್ಸಿನವರಿಗೆ ಕ್ಯಾಸೆಟ್ಟು ಬೇಕಾಗಲಿಲ್ಲ.

*

ಒಂದು ಗಂಟೆಗೆ, ಹೆಣವನ್ನು ಕೂರಿಸಿ ಹೊರುವ ವಿಮಾನ ಸಿದ್ಧವಾಯಿತು. ಬಿದಿರಿನ ಪೀಠಕ್ಕೆ ಕಮಾನು ಕಟ್ಟಿ, ಬಾಳೆಕಂದು, ಸೇವಂತಿಗೆ ಸುತ್ತಿದ್ದರು. ಷಡಕ್ಷರಿಯನ್ನು ಎತ್ತಿ ಅದರಲ್ಲಿ ಕೂರಿಸಿ, ಹಿಂದಿನ ಗಳಕ್ಕೆ ತಲೆಯನ್ನು ಮತ್ತೆ ಬಟ್ಟೆಯಿಂದ ಕಟ್ಟಿದರು. ಹೊರಲು ಬರಬೇಕಿದ್ದ ಮಠದ ಹುಡುಗರಲ್ಲಿ ಇಬ್ಬರು ಮಾತ್ರ ಬಂದಿದ್ದರು. ಸೋಮವಾರ, ಮಿಕ್ಕವರು ಕೆಲಸದ ಮೇಲೆ. ನೆಂಟರಲ್ಲಿ ಹೆಚ್ಚಿನವರು ಮೊಣಕಾಲು ಹಿಡಿದುಕೊಂಡು ಕುರ್ಚಿ ಕೇಳುವ ವಯಸ್ಸಿನವರು. ರುದ್ರಭೂಮಿ ರಿಂಗ್ ರಸ್ತೆಯ ಆಚೆಗೆ.

ಆಗ ಬೀದಿಯ ತಿರುವಿನಲ್ಲಿ ಶಿಫ್ಟ್ ಬಸ್ಸು ಬಂದು ನಿಂತಿತು. ಬೆಳಗಿನ ಪಾಳಿಯವರು ಅರ್ಧ ದಿನದ ರಜೆ ಬರೆದುಕೊಟ್ಟು, ನೀಲಿ ಸಮವಸ್ತ್ರದಲ್ಲಿಯೇ ಇಳಿದರು. ಮುಂದೆ ಕೆಂಪಯ್ಯ. ಅವನು ಚಪ್ಪಲಿ ದೂರ ಬಿಟ್ಟು, ಟವೆಲ್ಲು ಸೊಂಟಕ್ಕೆ ಸುತ್ತಿಕೊಂಡು ಚನ್ನಬಸವಯ್ಯನವರ ಎದುರು ನಿಂತ.

"ಬುದ್ಧಿ, ಎಂಗೆ ಒರ್ಬೇಕು ಏಳಿ. ನಮ್ಮೈಕಳು ಒರ್ತಾರೆ."

ಚನ್ನಬಸವಯ್ಯನವರು ನೀಲಿ ಅಂಗಿಗಳನ್ನು ನೋಡಿದರು, ಮೊಣಕಾಲು ನೋವಿನ ನೆಂಟರನ್ನು ನೋಡಿದರು. "ಲಿಂಗ ಕಟ್ಟಿದೋರು ಹೊರೋದು ಪದ್ಧತಿ," ಎಂದರು, ಯಾರಿಗೂ ಅಲ್ಲವೆಂಬಂತೆ. ಆಮೇಲೆ, "ಆಗ್ಲಪ್ಪ. ಹೊತ್ತಾಗ್ತಿದೆ. ಮುಂದಿನ ಕೊನೆ ನಮ್ಮವರು ಹಿಡೀಲಿ, ಮಿಕ್ಕಿದ್ದು ನೀವು ಕೊಡಿ ಭುಜ."

ಅಂಬುಜಾ ಹೊಸ್ತಿಲಲ್ಲಿ ನಿಂತಿದ್ದಳು. "ಮಾವ," ಎಂದಳು. "ಭುಜ ಬೇಕು ಅಂದ್ರೆ ಅವರ ಬಾಯೂ ಜೊತೇಲಿ ಬರ್ತದೆ. ಒಂದು ಬಿಟ್ಟು ಇನ್ನೊಂದು ಕೊಡಿ ಅನ್ನೋಕೆ ಆಗಲ್ಲ."

ಗಂಡನನ್ನು ಕಳೆದುಕೊಂಡ ಹೆಂಗಸು ಹೆಣದ ಮುಂದೆ ವ್ಯವಹಾರಕ್ಕೆ ನಿಂತದ್ದನ್ನು ಆ ಬೀದಿ ಕಂಡಿರಲಿಲ್ಲ.

"ಅವನಿಗೆ ಬೇಡವಾಗಿತ್ತು ಕಣಮ್ಮ," ಚನ್ನಬಸವಯ್ಯನವರ ಧ್ವನಿ ಇಳಿದಿತ್ತು. "ಅದನ್ನ ನೆನೀಬೇಕಲ್ವಾ?"

"ಬೇಡವಾಗಿತ್ತು. ಹನ್ನೆರಡು ವರ್ಷ ಅವರ ಮಾತೇ ನಡೀತು. ನಾನೂ ನಡೆಸ್ದೆ. ಮನೇಲಿ ಒಂದು ದಿನಾನೂ ಗುನುಗಲಿಲ್ಲ ನಾನು. ಇವತ್ತು ಅವರು ಹೋಗ್ತಾ ಅವರೆ, ನಾವು ಇರೋರು. ನನ್ನ ಮಗಳು ನೋಡ್ಬೇಕು ಅವರಪ್ಪ ಏನು ಮಾಡಿದ್ರು ಅಂತ. ಬೇಡ ಅಂದ್ರೆ ಬಿಡಿ ಮಾವ. ವಿಮಾನ ಇಲ್ಲೇ ಇರ್ಲಿ, ನಾನೂ ಇಲ್ಲೇ ಇರ್ತೀನಿ." ಎಂದವಳು ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕುಳಿತಳು. ಬೆಳಗಿನಿಂದ ಅವಳು ಕುಳಿತದ್ದು ಆಗಲೇ.

"ಕೂತ್ಳು," ಎಂದಳು ಸರೋಜಮ್ಮ. "ಇನ್ನು ಏಳ್ಸೋಕೆ ನಿಮ್ಮ ಕೈಲಾಗಲ್ಲ ಸ್ವಾಮೇರೆ. ಬೆಂಚಿನ ಮೇಲೆ ನೋಡಿದೀನಿ ನಾನು."

ಯಾರೋ ನಗು ತಡೆದುಕೊಂಡರು. ಚನ್ನಬಸವಯ್ಯನವರು ವಿಮಾನದಲ್ಲಿದ್ದ ಮಗನಂಥವನನ್ನು ನೋಡಿದರು. ಆಮೇಲೆ ಜಾಗಟೆ ಕೈಗೆತ್ತಿಕೊಂಡರು. "ಮೊದಲು ಶಿವನಾಮ," ಎಂದರು. "ಬೀದಿ ದಾಟೋವರೆಗೆ. ಆಮೇಲೆ ನಾನು ಹಾಡು ಅನ್ನೋದೂ ಇಲ್ಲ, ಬೇಡ ಅನ್ನೋದೂ ಇಲ್ಲ."

ಅಂಬುಜಾ ಎದ್ದಳು.

ಬೀದಿ ದಾಟುವವರೆಗೆ ಶಿವನಾಮ ನಡೆಯಿತು. ನೀಲಿ ಅಂಗಿಯವರೂ ಹೇಳಿದರು. ತಿರುವಿನಲ್ಲಿ ಜಾಗಟೆ ಒಂದು ಗಳಿಗೆ ನಿಂತಿತು. ನಾಗಾರ್ಜುನ ಮುಂದೆ ಬಂದು, ತನ್ನ ಒಡೆದ ಧ್ವನಿಯಲ್ಲಿ ಹಾಡು ಎತ್ತಿದ. ನಿಧಾನವಾಗಿ, ಶೆಡ್ಡಿನಲ್ಲಿ ಹಾಡಿದ ಹಾಗೆಯೇ. ಹೊರುವವರ ಹೆಜ್ಜೆ ಎಡವಿತು. ವಿಮಾನ ಒಂದು ಪಕ್ಕಕ್ಕೆ ಜೋಲಿ ಹೊಡೆಯಿತು.

"ಅಂಗಲ್ಲ ಸಾಮಿ," ಎಂದ ಕೆಂಪಯ್ಯ ಗಳದ ಅಡಿಯಿಂದ. "ಅಂಗೆ ಆಡುದ್ರೆ ಎಜ್ಜೆ ಕೂಡಲ್ಲ, ಬೀಳ್ಸ್‌ಬುಡ್ತೀವಿ." ಅವನು ಉಸಿರೆಳೆದುಕೊಂಡು ಬಸ್ಸಿನ ಹಾಡು ಎತ್ತಿದ. ಒಂದೇ ಸಲಕ್ಕೆ ಬಸ್ಸಿಗೆ ಬಸ್ಸೇ ಅದನ್ನು ಹಿಡಿದುಕೊಂಡಿತು. ಓಡುವ ಹಾಡು. ಹೆಂಗಸರು, ಗಂಡಸರು, ಬೆಸುಗೆಯವರು, ಪ್ಯಾಕಿಂಗಿನವರು, ಹನ್ನೆರಡು ವರ್ಷ ಬೆಳಗ್ಗೆ ಬೆಳಗ್ಗೆ ಬಾಯಿಪಾಠ ಮಾಡಿದವರು. ಹೆಜ್ಜೆ ಕೂಡಿತು. ವಿಮಾನ ನೇರವಾಯಿತು.

ಸರೀರಿ ಸ್ವಲ್ಪ, ಜಾಗ ಮಾಡಿ,
ಇನ್ನೊಬ್ರು ಅವ್ರೆ ಮೆಟ್ಲ ಮೇಲೆ.

ಸಿಂಚನ ಅಮ್ಮನ ಕೈ ಬಿಡಿಸಿಕೊಂಡು ಮುಂದೆ ಓಡಿದಳು. ನಾಗಾರ್ಜುನ ಬಾಯಿ ಮುಚ್ಚಿ ರಸ್ತೆಯ ಅಂಚಿನಲ್ಲಿ ನಿಂತುಬಿಟ್ಟಿದ್ದ. ಹೊರುತ್ತಿದ್ದವನೊಬ್ಬ ಹಾಡು ನಿಲ್ಲಿಸದೆ, ಅಭ್ಯಾಸದ ಬಲದಿಂದ ಪಕ್ಕಕ್ಕೆ ಸರಿದು, ಕೈಚಾಚಿ ಅವನ ತೋಳು ಹಿಡಿದು ಗಳದ ಅಡಿಗೆ ಎಳೆದುಕೊಂಡ. ನಾಗಾರ್ಜುನ ಭುಜ ಕೊಟ್ಟ. ನಾಲ್ಕು ಹೆಜ್ಜೆ ತಪ್ಪಿದ, ಐದನೆಯದು ಸರಿಯಾಯಿತು.

ರಿಂಗ್ ರಸ್ತೆಯಲ್ಲಿ ಲಾರಿಗಳು ನಿಂತವು. ಒಬ್ಬ ಕ್ಲೀನರು ಬಾಗಿಲಲ್ಲಿ ನೇತಾಡುತ್ತಾ, ಇದೇನು ಹೆಣದ ಮೆರವಣಿಗೆಯೋ ಮದುವೆಯದೋ ಎಂದು ನೋಡಿದ. ಚನ್ನಬಸವಯ್ಯನವರು ಎಲ್ಲರಿಗಿಂತ ಮುಂದೆ ತಲೆ ತಗ್ಗಿಸಿ ನಡೆಯುತ್ತಿದ್ದರು. ತುಟಿ ಶಿವನಾಮವನ್ನೇ ಹೇಳುತ್ತಿತ್ತು. ಜಾಗಟೆ ಮಾತ್ರ ಯಾವಾಗಲೋ ಹಾಡಿನ ವೇಗಕ್ಕೆ ಬಿದ್ದಿತ್ತು.

ಅಂಬುಜಾ ವಿಮಾನದ ಮುಂದೆ ಹಿಮ್ಮುಖವಾಗಿ ನಡೆಯುತ್ತಾ ಗಂಡನನ್ನು ನೋಡುತ್ತಿದ್ದಳು. ಓಡುವ ಹೆಜ್ಜೆಗೆ ಹಣೆಯ ಬಟ್ಟೆಯ ಗಂಟು ಸಡಿಲಾಗಿತ್ತು. ಯಾರೋ ಅದನ್ನು ಕಂಡು, "ತಲೆ ಅಲ್ಲಾಡ್ತಾ ಅದೆ, ನಿಲ್ಸಿ, ಬಿಗಿಯಾಗಿ ಕಟ್ಟೋಣ," ಎಂದರು.

"ಬೇಡ, ಬಿಡಿ," ಎಂದಳು ಅಂಬುಜಾ.

ಸೇವಂತಿಗೆಯ ಕಮಾನಿನ ಕೆಳಗೆ ಷಡಕ್ಷರಿಯ ತಲೆ ಹಾಡಿನ ಒಂದೊಂದು ಏಟಿಗೂ ಆಡುತ್ತಿತ್ತು, ಮೇಲಕ್ಕೆ, ಕೆಳಕ್ಕೆ, ಮೇಲಕ್ಕೆ, ಕೆಳಕ್ಕೆ.